"ಜಾಣ ಮರಿ", ಸ್ಟಾರ್ ಚಾರ್ಟ್, ಮಾಡಿದ್ದನ್ನ ಹೇಳಿ ಹೊಗಳೋದು: ಮೂರನ್ನೂ ಮಾಡಿ ನೋಡಿದೆ

ನನ್ನ ಮಗಂಗೆ ಈಗ 7 ವರ್ಷ. ಐದೂವರೆಗೆ ಎಡಿಎಚ್‌ಡಿ (ಗಮನ ಒಂದ್ಕಡೆ ನಿಲ್ಲದ, ಸುಮ್ನೆ ಕೂರೋಕಾಗದ ತೊಂದ್ರೆ) ಅಂತ ಗೊತ್ತಾಯ್ತು, ಜೊತೆಗೆ ವಿಪರೀತ ಹಟ, ಸಿಟ್ಟು ಬಂದ್ರೆ ಕೈಗೆ ಸಿಕ್ಕಿದ್ದು ಎಸೆಯೋದು, ತಂಗೀಗೆ ಹೊಡೆಯೋದು. ಕೌನ್ಸೆಲರ್ ಹತ್ರ ಹೋದಾಗ "ದಿನಕ್ಕೆ ಎಷ್ಟು ಸಲ ಹೊಗಳ್ತೀರಾ?" ಅಂತ ಕೇಳಿದ್ರು, ನನ್ ಬಾಯಿಂದ ಉತ್ತರಾನೇ ಬರ್ಲಿಲ್ಲ. ನಮ್ಮತ್ತೆ ಮಗೂನ ಎದುರಿಗೇ ಹೊಗಳಿದ್ರೆ ದೃಷ್ಟಿ ಆಗುತ್ತೆ ಅನ್ನೋರು, ಮಾವ ಹೊಗಳಿಕೆ ಹೊನ್ನಶೂಲ ಅನ್ನೋರು, ನಾನೂ ಹಂಗೇ ಬೆಳೆದೋಳು.

ಮೊದ್ಲು ಶುರು ಮಾಡಿದ್ದು ಸುಲಭದ್ದು, ಜಾಣ ಮರಿ, ಗುಡ್ ಬಾಯ್, ಸೂಪರ್. ಚೂರೂ ಉಪಯೋಗ ಆಗ್ಲಿಲ್ಲ. ಸ್ಕೂಲಲ್ಲಿ ಇಡೀ ದಿನ ಬೈಸ್ಕೊಂಡು ಬಂದ ಮಗೂಗೆ ಗುಡ್ ಬಾಯ್ ಅಂದ್ರೆ ಅದು ನಂಬೋದಾದ್ರೂ ಹೆಂಗೆ, ಒಂದಿನ "ನಾನು ಗುಡ್ ಬಾಯ್ ಅಲ್ಲ" ಅಂತ ಕಿರುಚಿ ಲೋಟ ಎಸೆದ. ಆಮೇಲೆ ಓದಿದೆ, ಅಮೆರಿಕದಲ್ಲಿ 1998ರಲ್ಲಿ ಮುಲ್ಲರ್, ಡ್ವೆಕ್ ಅನ್ನೋರು ಐದನೇ ಕ್ಲಾಸ್ ಮಕ್ಕಳ ಜೊತೆ ಮಾಡಿದ ಪ್ರಯೋಗದಲ್ಲಿ, ಬುದ್ಧಿವಂತ ಅಂತ ಹೊಗಳಿಸ್ಕೊಂಡೋರು ಕಷ್ಟದ ಒಗಟು ಬಂದ್ಮೇಲೆ ಮುಂದುವರಿಸೋ ಆಸಕ್ತಿ ಕಳ್ಕೊಂಡ್ರಂತೆ, ಶ್ರಮಪಟ್ಟೆ ಅಂತ ಹೊಗಳಿಸ್ಕೊಂಡೋರಿಗೆ ಆ ಆಸಕ್ತಿ ಉಳೀತಂತೆ.

ಆಮೇಲೆ ಸ್ಟಾರ್ ಚಾರ್ಟ್, ಅಂದ್ರೆ ಹೇಳಿದ್ದು ಮಾಡಿದಾಗೆಲ್ಲಾ ಒಂದು ಸ್ಟಾರ್ ಅಂಟಿಸೋ ಹಾಳೆ. ಫ್ರಿಜ್ ಮೇಲೆ ಅಂಟಿಸಿದ್ವಿ, ಎರಡು ವಾರ ಚೆನ್ನಾಗಿ ನಡೀತು, ಆಮೇಲೆ ಶೂ ಹಾಕ್ಕೋ ಅಂದ್ರೂ "ಎಷ್ಟು ಸ್ಟಾರ್?" ಅಂತ ಚೌಕಾಸಿ. ತಪ್ಪು ನಂದೂ ಇತ್ತು. ಒಂದೇ ಸಲ ನಾಲ್ಕು ವಿಷಯ ಸೇರಿಸ್ದೆ, ಸ್ಟಾರ್‌ಗೆ ಕೊಡೋ ಐಸ್‌ಕ್ರೀಮ್ ಭಾನುವಾರಕ್ಕೆ ಇಟ್ಟೆ, ಇಂಥ ಮಕ್ಕಳಿಗೆ ಅಷ್ಟು ದಿನ ಕಾಯೋಕಾಗಲ್ಲ, ಸಿಟ್ಟಲ್ಲಿ ಕೊಟ್ಟ ಸ್ಟಾರ್ ವಾಪಸ್ ಕಿತ್ತೆ. ಅವತ್ತೇ ಚಾರ್ಟ್ ಹರಿದು ಹಾಕ್ದ.

ಮೂರನೇದು, ಏನು ಮಾಡ್ದ ಅನ್ನೋದನ್ನೇ ಹೇಳಿ ಹೊಗಳೋದು, ಅದೂ ಆ ಕ್ಷಣಕ್ಕೇ. ಪಿಸಿಐಟಿ (ಪೇರೆಂಟ್-ಚೈಲ್ಡ್ ಇಂಟರಾಕ್ಷನ್ ಥೆರಪಿ) ಅಂತ ಅಪ್ಪ-ಅಮ್ಮಂಗೆ ಕೊಡೋ ಒಂದು ತರಬೇತಿ ಇದೆ, ಅದ್ರಲ್ಲಿ ಮಗು ಜೊತೆ 5 ನಿಮಿಷ ಆಡುವಾಗ ಇಂಥ ಹೊಗಳಿಕೆ 10 ಸಲ ಬರ್ಬೇಕು. ಮೊದಲ ದಿನ ನಂಗೆ ಎರಡೇ ಬಂದಿದ್ದು. "ಬ್ಲಾಕ್ ನಿಧಾನಕ್ಕೆ ಇಟ್ಟೆ", "ಬಿದ್ರೂ ಮತ್ತೆ ಕಟ್ತಿದೀಯ, ಖುಷಿಯಾಯ್ತು", ಇಷ್ಟು ಸಣ್ಣ ಸಣ್ಣದು.

ಒಂದು ಸಂಜೆ ಟಿವಿ ಆಫ್ ಮಾಡಿದ್ದಕ್ಕೆ ರಿಮೋಟ್ ಎತ್ತಿದ ಕೈ ತಲೆ ಮೇಲಿತ್ತು, ಮುಖ ಕೆಂಪಗೆ. ನಾನು ಉಸಿರು ಬಿಗಿಹಿಡಿದು ಸುಮ್ನೆ ನಿಂತೆ. ಕೈ ಇಳಿಸಿ ಸೋಫಾ ಮೇಲೆ ಕುಕ್ಕಿದ, ಜೋರಾಗೇ ಕುಕ್ಕಿದ, ಆದ್ರೆ ಎಸೀಲಿಲ್ಲ. ಪಕ್ಕ ಕೂತು ಮೆತ್ತಗೆ ಅಂದೆ, "ಅಷ್ಟು ಸಿಟ್ಟು ಬಂದಿದ್ರೂ ಎಸೀದೆ ಕೆಳಗಿಟ್ಟೆ ಕಂದ, ನೋಡ್ದೆ ನಾನು." ಏನೂ ಮಾತಾಡ್ಲಿಲ್ಲ, ಸ್ವಲ್ಪ ಹೊತ್ತಾದ್ಮೇಲೆ ಬಂದು ತೊಡೆ ಮೇಲೆ ತಲೆ ಇಟ್ಟ.

ಇಲ್ಲೊಂದು ಹುಷಾರು ಬೇಕು, ಹೊಗಳಿಕೆಗೆ ಬಾಲ ಸೇರಿಸ್ಬಾರ್ದು. "ದಿನಾ ಹಿಂಗೇ ಇರೋಕೇನು ನಿಂಗೆ?" ಅಂತ ನಮ್ಮೋರು ಒಂದ್ಸಲ ಸೇರಿಸಿದ್ರು, ಮಾಡಿದ್ದೆಲ್ಲಾ ನೀರಲ್ಲಿ ಹೋಮ. ಇನ್ನು ಹೊಗಳಿಕೆ ಒಂದೇ ಸಾಕಾಗಲ್ಲ, ಸಣ್ಣ ರಗಳೆ ಕಂಡೂ ಕಾಣದ ಹಾಗಿದ್ರೆ ನಡೆಯುತ್ತೆ, ಆದ್ರೆ ತಂಗಿ ಮೇಲೆ ಕೈ ಎತ್ತಿದ್ರೆ ತಕ್ಷಣ ಹಿಡಿದು ನಿಲ್ಲಿಸ್ಲೇಬೇಕು.

ಮೂರರಲ್ಲಿ ಒಂದೇ ಇಟ್ಕೋ ಅಂದ್ರೆ ಮೂರನೇದೇ ನಂದು. ಚಾರ್ಟ್ ಪೂರ್ತಿ ಬಿಟ್ಟಿಲ್ಲ, ರಾತ್ರಿ ಹಲ್ಲುಜ್ಜೋದು ಒಂದಕ್ಕೇ ಇದೆ, ಉಜ್ಜಿದ ತಕ್ಷಣ ಸ್ಟಾರ್, ಸ್ಟಾರ್ ಸಿಕ್ಕಿದ್ರೆ ಅವತ್ತೇ ಒಂದು ಕಥೆ ಜಾಸ್ತಿ. ಹೋಮ್‌ವರ್ಕ್ ಜಗಳ ಇನ್ನೂ ನಿಂತಿಲ್ಲ. ಯಾರ ಹತ್ರ ಕೇಳೋದು ಗೊತ್ತಾಗ್ದೆ ಕೂತಿರೋರು 14416ಗೆ ಕಾಲ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು.