ಪಿಬಿ ರೋಡಲ್ಲಿ ಡಾಲರ್, ಡ ನಾಂಗಲ್ಲಿ ಕೋಟ್ಯಧಿಪತಿ

ದಾವಣಗೆರೆ ಪಿಬಿ ರೋಡಲ್ಲಿರೋ ಒಂದು ಸಣ್ಣ ಮನಿ ಎಕ್ಸ್‌ಚೇಂಜ್ ಅಂಗಡಿ ಬಗ್ಗೆ ಬರೀತಿದೀನಿ, ಅದ್ರ ಜೊತೆ ಅಲ್ಲಿ ತಗೊಂಡ ದುಡ್ಡು ಮುಂದೆ ಏನಾಯ್ತು ಅಂತಾನೂ. ಹಿಂದಿನ ಸಲ ದುಬೈಗೆ ಹೋಗುವಾಗ ಏರ್‌ಪೋರ್ಟಲ್ಲಿ ಚೇಂಜ್ ಮಾಡ್ಸಿ ಕೈ ಸುಟ್ಕೊಂಡಿದ್ದೆ, ಅದಕ್ಕೆ ಈ ಸಲ ವಿಯೆಟ್ನಾಂಗೆ ಹೊರಡೋಕೆ ವಾರ ಮುಂಚೇನೇ ಹೋದೆ.

ಡಾಂಗ್ (ವಿಯೆಟ್ನಾಂ ದುಡ್ಡು) ಇಲ್ಲ ಸರ್, ನಮ್ಮೂರಲ್ಲಿ ಸಿಗಲ್ಲ, ಡಾಲರ್ ಒಯ್ದು ಅಲ್ಲೇ ಮಾಡ್ಸ್ಕೊಳ್ರಿ ಅಂತ ನೇರವಾಗಿ ಹೇಳಿದ್ರು, ಅದೇ ಹಿಡಿಸ್ತು ನಂಗೆ. ಪಾಸ್‌ಪೋರ್ಟ್, ಪ್ಯಾನ್, ವೀಸಾ, ಟಿಕೆಟ್ ಜೆರಾಕ್ಸ್ ಕೇಳ್ತಾರೆ, 50,000 ರೂಪಾಯಿ ದಾಟಿದ್ರೆ ಕ್ಯಾಶ್ ತಗಳಂಗಿಲ್ಲ, ಬ್ಯಾಂಕಿಂದಾನೇ ಹಾಕ್ಬೇಕು. ನಾನು 400 ಡಾಲರ್ ತಗೊಂಡೆ. ಗೀಚಿದ್ದು ಹರಿದಿದ್ದು ಅಲ್ಲಿ ಮುಟ್ಟಲ್ಲ ಅಂತ ಒಂದೊಂದೂ ನೂರರ ನೋಟು ಲೈಟಿಗೆ ಹಿಡಿದು ಆರಿಸಿ ಕೊಟ್ರು. ಫೋನಲ್ಲಿ ಹೇಳಿದ ರೇಟೇ ಬಿಲ್ಲಲ್ಲೂ ಇತ್ತು, ಜಿಎಸ್‌ಟಿ ಬೇರೆ. ಒಂದೇ ಬೇಜಾರು, ಕೂರೋಕೆ ಇರೋದು ಎರಡೇ ಕುರ್ಚಿ.

ಇನ್ನು ಮಜಾ ಕೇಳ್ರಿ. ವಿಯೆಟ್ನಾಂನ ಡ ನಾಂಗ್ ಊರಲ್ಲಿ ಒಂದು ಬಂಗಾರದ ಅಂಗಡೀಲಿ ಆ 400 ಡಾಲರ್ ಕೊಟ್ಟೆ, ಒಂದು ಕೋಟಿ ಮೇಲೆ ಮೂರ್ನಾಲ್ಕು ಲಕ್ಷ ಡಾಂಗ್ ಎಣಿಸಿ ಕೈಗಿಟ್ರು! ನಮ್ಮನೆಯವ್ಳು ವ್ಯಾನಿಟಿ ಬ್ಯಾಗ್ ಎದೆಗೆ ಅವಚ್ಕೊಂಡು ನಡೆದಿದ್ದು ನೋಡ್ಬೇಕಿತ್ತು, ಇದ್ದಿದ್ದು ಮೂವತ್ತೈದು ಸಾವಿರ ರೂಪಾಯಿ ಚಿಲ್ಲರೆ ಅಷ್ಟೇ. ಲೆಕ್ಕ ಸುಲಭ, ಮೂರು ಸೊನ್ನೆ ಕಿತ್ತಾಕಿ ಮೂರೂಕಾಲಲ್ಲಿ ಗುಣಿಸಿದ್ರೆ ಆಗಿನ ರೇಟಲ್ಲಿ ಹೆಚ್ಚುಕಮ್ಮಿ ನಮ್ಮ ರೂಪಾಯಿ ಬರ್ತಿತ್ತು, 35,000ದ ಕಾಫಿ ಅಂದ್ರೆ ನೂರಾ ಹದಿನೈದು ರೂಪಾಯಿ.

ನೋಟಂತೂ ಸೂಪರ್. 10,000ದಿಂದ ಮೇಲಿನವೆಲ್ಲ ಪ್ಲಾಸ್ಟಿಕ್ಕು, ಎಲ್ಲದ್ರ ಮೇಲೂ ಅವ್ರ ನಾಯಕ ಹೋ ಚಿ ಮಿನ್, ಒಂದ್ಕಡೆ ಕಿಟಕಿ ಥರ ಪಾರದರ್ಶಕ. ಒಂದು ನೋಟು ಪ್ಯಾಂಟ್ ಜೇಬಲ್ಲೇ ಒಗೆಯೋಕೆ ಹೋಗಿತ್ತು, ಒಣಗಿಸಿ ಅದನ್ನೇ ಕೊಟ್ಟು ನೂಡಲ್ಸ್ ತಿಂದೆ. 20,000ದ ಹಿಂದೆ ಹೋಯ್ ಆನ್ ಊರಿನ ಜಪಾನಿ ಸೇತುವೆ ಐತೆ, ನಾವು ಆ ಸೇತುವೆ ಮುಂದೇ ನಿಂತು ನೋಟು ಹಿಡ್ಕೊಂಡು ಎರಡನ್ನೂ ಹೋಲಿಸ್ತಾ ಅರ್ಧ ಗಂಟೆ ಕಳೆದ್ವಿ, ಕಾರ್ಡ್ ಉಜ್ಜೋದ್ರಲ್ಲಿ ಈ ಸುಖ ಎಲ್ಲಿಂದ ಬರ್ಬೇಕು. ಆದ್ರೆ ಹುಷಾರು, 20,000ನೂ ನೀಲಿ, 5,00,000ನೂ ನೀಲಿ! ಎಳನೀರಿಗೆ 20,000 ಅಂತ ದೊಡ್ಡ ನೋಟು ಕೊಟ್ಬಿಟ್ಟೆ, ಅಂದ್ರೆ ಅರವತ್ತೈದು ರೂಪಾಯಿ ಮಾಲಿಗೆ ಸಾವಿರದ ಆರ್‌ನೂರು. ಆ ಅಜ್ಜಿ ಬಿದ್ದು ಬಿದ್ದು ನಕ್ಕು ವಾಪಸ್ ಕೊಟ್ಲು, ಪುಣ್ಯಾತ್ಗಿತ್ತಿ. ಅವತ್ತಿಂದ ನೀಲಿ ಎರಡನ್ನೂ ಬೇರೆ ಬೇರೆ ಜೇಬಲ್ಲಿಟ್ಟೆ.

ವಾಪಸ್ ಬಂದು ಅದೇ ಪಿಬಿ ರೋಡ್ ಅಂಗಡಿಗೆ ಹೋದೆ, ಉಳಿದ ಡಾಂಗ್ ತಗಳಲ್ಲ ಅಂದ್ರು, ಡಾಲರ್ ಉಳಿದಿದ್ರೆ ತಗೊಂಡಿರ್ತಿದ್ವಿ ಆದ್ರೆ ಕೊಂಡ ರೇಟು ಸಿಗಲ್ಲ ಅಂತಾನೂ ಅಂದ್ರು. ಹಂಗಾಗಿ ಪೂರಾ ಡಾಂಗ್ ಮಾಡ್ಸ್ಬೇಡ್ರಿ, ನೂರು ಡಾಲರ್ ಹಂಗೇ ಇಟ್ಕೊಳ್ರಿ. ನಂದು 80,000 ಉಳೀತು, ಅವ್ವ ಅದನ್ನ ದೇವ್ರ ಮನೇಲಿ ಲಕ್ಷ್ಮಿ ಫೋಟೋ ಮುಂದೆ ಇಟ್ಟಾಳೆ. ಅಂಗಡಿಗೆ ಐದಕ್ಕೆ ನಾಲ್ಕೂವರೆ, ಅರ್ಧ ಕಟ್ ಮಾಡಿದ್ದು ಕುರ್ಚಿಗೆ.