ಬಾಯ್ಲರ್‌ನ ಕಂಡೆನ್ಸೇಟ್ ಪೈಪಿಗೆ ಹೀಟಿಂಗ್ ಕೇಬಲ್ ಕಿಟ್: ಯಾರಿಗೆ ಬೇಕು, ಯಾರಿಗೆ ಬೇಡ

ಬ್ರಿಟನ್ನಿನಲ್ಲಿ ಮೈ ಕೊರೆಯುವ ಚಳಿ ಬಿದ್ದ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಹೀಟಿಂಗ್ ನಿಂತಿದ್ದರೆ ಮನೆ ಬಿಸಿಮಾಡುವ ಬಾಯ್ಲರೇ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಬಾಯ್ಲರ್‌ನ ಹೊಗೆ ತಣಿದು ಇಳಿಯುವ ನೀರನ್ನು (ಕಂಡೆನ್ಸೇಟ್) ಗೋಡೆ ತೂರಿ ಹೊರಗಿನ ಚರಂಡಿಗೆ ಒಯ್ಯುವ ಸಣ್ಣ ಪ್ಲಾಸ್ಟಿಕ್ ಪೈಪಿನೊಳಗೆ ಅದು ಹೆಪ್ಪುಗಟ್ಟಿರಬಹುದು. ಈ ಪೈಪಿಗೆಂದು ಮಾರುವ ಹೀಟಿಂಗ್ ಕೇಬಲ್ ಕಿಟ್‌ಗಳ ವಿಮರ್ಶೆ ಇದು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ತನ್ನ ಬಿಸಿಯನ್ನು ತಾನೇ ಹೊಂದಿಸಿಕೊಳ್ಳುವ ಸೆಲ್ಫ್ ರೆಗ್ಯುಲೇಟಿಂಗ್ ಕೇಬಲ್ ಮತ್ತು ಥರ್ಮೋಸ್ಟಾಟ್ ಇರುವ ಕಿಟ್‌ಗೆ 5ಕ್ಕೆ 4 ಅಂಕ. ಆದರೆ ತೆಳುವಾದ 21.5 ಮಿ.ಮೀ. ಪೈಪನ್ನು ಹಾಗೇ ಉಳಿಸಿಕೊಂಡು, ಮೇಲೆ ಶಾಖ ನಿರೋಧಕ ಹೊದಿಕೆಯನ್ನೂ ಹಾಕದೆ, ಬರಿಯ ಕೇಬಲ್ ಕಟ್ಟಿ ಕೈತೊಳೆದುಕೊಳ್ಳುವವರು ಕೊಟ್ಟ ದುಡ್ಡು ದಂಡ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರಿಂದ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರ್‌ಗಳು ಬಹುಮಟ್ಟಿಗೆ ಕಂಡೆನ್ಸಿಂಗ್ ಬಗೆಯವೇ. ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ ಅದರ ಶಾಖವನ್ನೂ ಹಿಂಡಿಕೊಳ್ಳುವುದು ಇವುಗಳ ಗುಣ. ರೇಡಿಯೇಟರ್‌ಗಳಿಂದ ಹಿಂತಿರುಗುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದಾಗ ಆವಿ ಚೆನ್ನಾಗಿ ನೀರಾಗುತ್ತದೆ. ಆ ನೀರು ಹುಳಿ, ಅದರ ಪಿಎಚ್ 3ರಿಂದ 4ರ ಆಸುಪಾಸು; ತಾಮ್ರವನ್ನೂ ಕಬ್ಬಿಣವನ್ನೂ ತಿನ್ನುವುದರಿಂದ ಪ್ಲಾಸ್ಟಿಕ್ ಪೈಪು ಕಡ್ಡಾಯ. ನೀರನ್ನು ಕೂಡಿಟ್ಟು ಒಟ್ಟಿಗೆ ಹೊರಬಿಡುವ ಸೈಫನ್ ಇಲ್ಲದ ಬಾಯ್ಲರ್‌ಗಳಲ್ಲಿ ಇದು ತೊಟ್ಟು ತೊಟ್ಟಾಗಿ ಹೊರಬರುತ್ತದೆ. ಹೆಪ್ಪುಗಟ್ಟುವುದಕ್ಕೆ ಮೂಲ ಕಾರಣ ಇದೇ. ಒಂದೇ ಸಲ ಸುರಿದ ನೀರು ತಣ್ಣಗಾಗುವ ಮೊದಲೇ ಚರಂಡಿ ಸೇರಿಬಿಡುತ್ತದೆ. ತೊಟ್ಟಿಕ್ಕುವ ನೀರು ಮೇಣದಬತ್ತಿಯಿಂದ ಇಳಿದ ಮೇಣದಂತೆ ಪದರದ ಮೇಲೆ ಪದರ ಕಟ್ಟಿ ಪೈಪಿನ ಬಾಯಿ ಮುಚ್ಚುತ್ತದೆ. ಹೋಗಲು ದಾರಿಯಿಲ್ಲದ ನೀರು ಬಾಯ್ಲರ್‌ನೊಳಗೇ ಏರುತ್ತದೆ, ಗುಳುಗುಳು ಸದ್ದು ಕೇಳುತ್ತದೆ, ಆಮೇಲೆ ಬಾಯ್ಲರ್ ತಾನೇ ಲಾಕ್ ಆಗುತ್ತದೆ. 2010ರಲ್ಲಿ, 100 ವರ್ಷಗಳಲ್ಲೇ ಅತಿ ಚಳಿಯ ಡಿಸೆಂಬರ್ ಬಂದಾಗ, ಇಡೀ ದೇಶಕ್ಕೆ ಈ ದೋಷದ ಪರಿಚಯವಾಯಿತು.

ಕಿಟ್ ಕೊಳ್ಳುವ ಮುನ್ನ ಹೊರಗೆ ಹೋಗಿ ಪೈಪನ್ನು ಒಮ್ಮೆ ಅಳೆಯಿರಿ. ಹೊರಗಿನ ಭಾಗದ ಒಳವ್ಯಾಸ ಕನಿಷ್ಠ 30 ಮಿ.ಮೀ. ಇರಬೇಕು, ಅಂದರೆ ಅಂಗಡಿಯಲ್ಲಿ ಕೇಳಬೇಕಾದದ್ದು 32 ಮಿ.ಮೀ. ವೇಸ್ಟ್ ಪೈಪು. ಹೊರಗಿನ ಉದ್ದ 3 ಮೀಟರ್ ದಾಟಬಾರದು. ಮೀಟರಿಗೆ 45 ಮಿ.ಮೀ.ಗೆ ಕಡಿಮೆಯಿಲ್ಲದ ಇಳಿಜಾರು ಬೇಕು. ಸಣ್ಣ ಪೈಪಿನಿಂದ ದೊಡ್ಡದಕ್ಕೆ ಬದಲಾಗುವ ಜೋಡಣೆ ಗೋಡೆಯ ಒಳಬದಿಯಲ್ಲೇ ಆಗಬೇಕು. ಹೊರಬಂದ ಮೇಲೆ ದೊಡ್ಡದು ಮಾಡಿದರೆ ಚಳಿಗೆ ಮೊದಲು ಸಿಗುವ ತುಂಡು ಸಣ್ಣದೇ ಆಗಿ ಉಳಿಯುತ್ತದೆ. ಬೆಂಡ್‌ಗಳು ಕಡಿಮೆಯಿದ್ದಷ್ಟೂ ಒಳ್ಳೆಯದು, ಏಕೆಂದರೆ ಮಂಜುಗಡ್ಡೆ ಮೊದಲು ಬೇರು ಬಿಡುವುದು ಅಲ್ಲೇ. ಕೊನೆಯ ತುದಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಚರಂಡಿಯ ಜಾಲರಿಗಿಂತ ಕೆಳಗೆ, ಆದರೆ ನಿಂತ ನೀರಿಗಿಂತ ಮೇಲೆ ಬಿಡಬೇಕು. ಬಿಸಿಯಿಲ್ಲದ ಗ್ಯಾರೇಜು, ಅಟ್ಟಗಳಲ್ಲಿ ಹಾಯುವ ಪೈಪನ್ನೂ ಹೊರಗಿನ ಪೈಪೆಂದೇ ಲೆಕ್ಕ ಹಿಡಿಯಿರಿ.

ಇವೆಲ್ಲ ಸರಿಯಿದ್ದರೆ ನಿರೋಧಕ ಫೋಮ್ ಒಂದೇ ಸಾಕಾಗಬಹುದೇ? ಲೆಕ್ಕ ಹಾಕಿ ನೋಡೋಣ. ಗಂಟೆಗೆ ಅರ್ಧ ಲೀಟರ್ ನೀರು 30 ಡಿಗ್ರಿಯಲ್ಲಿ ಹೊರಬಂದರೆ, ಸೊನ್ನೆಗೆ ಇಳಿಯುವ ತನಕ ಅದು ಬಿಟ್ಟುಕೊಡಬಲ್ಲ ಶಾಖ ಸುಮಾರು 17 ವಾಟ್. ಹೊರಗೆ ಮೈನಸ್ 5 ಡಿಗ್ರಿ ಇದ್ದಾಗ, ಆ ಬೆಚ್ಚನೆಯ ನೀರು ಹರಿಯುವ, 19 ಮಿ.ಮೀ. ದಪ್ಪದ ಫೋಮ್ ಹೊದ್ದ 32 ಮಿ.ಮೀ. ಪೈಪು ಮೀಟರಿಗೆ ಹೆಚ್ಚುಕಡಿಮೆ 6 ವಾಟ್ ಕಳೆದುಕೊಳ್ಳುತ್ತದೆ, 3 ಮೀಟರಿಗೆ 18. ಅಂದರೆ ಕೂದಲೆಳೆಯ ಅಂತರ. ಪೈಪು ಒಂದೂವರೆ ಮೀಟರ್ ಇದ್ದರೆ ಫೋಮ್ ಸಲೀಸಾಗಿ ಗೆಲ್ಲುತ್ತದೆ; ಅಂಥ ಮನೆಗಳಿಗೆ ಕೇಬಲ್ ಬೇಡ ಎಂದೇ ನಮ್ಮ ಅಭಿಪ್ರಾಯ. ಪೈಪು ಉದ್ದವಿದ್ದು, ಉತ್ತರ ದಿಕ್ಕಿನ ನೆರಳಿನ ಗೋಡೆಯ ಮೇಲಿದ್ದು, ಬಾಯ್ಲರ್ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಓಡುತ್ತಿದ್ದರೆ ಫೋಮ್ ಸೋಲುತ್ತದೆ. ಅದು ಶಾಖವನ್ನು ತಡೆದಿಡುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಕೇಬಲ್ ಬೇಕಾಗುವುದು ಇಲ್ಲಿ.

ಕಿಟ್‌ಗಳಲ್ಲಿ ಎರಡು ಬಗೆ. ಮೊದಲನೆಯದು, ಉದ್ದಕ್ಕೂ ಒಂದೇ ಪ್ರಮಾಣದಲ್ಲಿ ಕಾಯುವ ಸ್ಥಿರ ವಾಟಿನ ಕೇಬಲ್. ಅಗ್ಗ. ಆದರೆ ಬೇಕಾದ ಅಳತೆಗೆ ಕತ್ತರಿಸುವಂತಿಲ್ಲ. ಒಂದರ ಮೇಲೊಂದು ಹಾಯ್ದರೆ ಆ ಜಾಗ ವಿಪರೀತ ಕಾಯ್ದು ಪ್ಲಾಸ್ಟಿಕ್ ಪೈಪನ್ನೇ ಮೆತ್ತಗಾಗಿಸುತ್ತದೆ. ಪ್ಲಾಸ್ಟಿಕ್ ಪೈಪಿಗೆ ಇದನ್ನು ನಾವು ಶಿಫಾರಸು ಮಾಡುವುದಿಲ್ಲ. ಎರಡನೆಯದು ಸೆಲ್ಫ್ ರೆಗ್ಯುಲೇಟಿಂಗ್. ಇದರಲ್ಲಿ ಎರಡು ತಂತಿಗಳ ನಡುವೆ ವಿದ್ಯುತ್ ಹರಿಸುವ ಪಾಲಿಮರ್ ತುಂಬಿರುತ್ತದೆ. ಚಳಿಗೆ ಪಾಲಿಮರ್ ಕುಗ್ಗಿದಾಗ ವಿದ್ಯುತ್ ಹರಿಯುವ ದಾರಿಗಳು ಹೆಚ್ಚಿ ಕೇಬಲ್ ಕಾಯುತ್ತದೆ. ಬಿಸಿಯಾದಂತೆ ಹಿಗ್ಗಿ ತಾನಾಗಿಯೇ ವಿದ್ಯುತ್ ತಗ್ಗಿಸಿಕೊಳ್ಳುತ್ತದೆ. ಮೀಟರಿಗೆ 10 ವಾಟಿನದು ಈ ಕೆಲಸಕ್ಕೆ ಧಾರಾಳ. ಸುತ್ತಲೂ ಲೋಹದ ಹೆಣಿಗೆಯ ಅರ್ತ್ ಕವಚ ಇರುವುದನ್ನೇ ಆರಿಸಿ. ಪೈಪಿನ ಒಳಗೆ ತೂರಿಸುವ ಬಗೆಯೂ ಉಂಟು, ಆದರೆ ಹುಳಿ ನೀರನ್ನು ತಾಳುವ ಫ್ಲೋರೋಪಾಲಿಮರ್ ಹೊರಪದರ ಎಂದು ತಯಾರಕರು ಬರೆದು ಕೊಟ್ಟಿರದಿದ್ದರೆ ಅದರ ಗೊಡವೆ ಬೇಡ.

10 ವಾಟ್ ಧಾರಾಳ ಎಂದದ್ದು ಮೇಲೆ ಫೋಮ್ ಇದ್ದರೆ ಮಾತ್ರ. ಮೈನಸ್ 10 ಡಿಗ್ರಿಯಲ್ಲಿ ಹೊದಿಕೆಯಿರುವ ಪೈಪನ್ನು ಸೊನ್ನೆಯ ಮೇಲಿಡಲು ಮೀಟರಿಗೆ 3 ವಾಟ್ ಚಿಲ್ಲರೆ ಸಾಕು. ಅದೇ ಪೈಪು ಬೆತ್ತಲೆಯಾಗಿದ್ದು ಗಾಳಿ ಬೀಸಿದರೆ 20 ವಾಟ್ ಮೀರುತ್ತದೆ, ಆಗ ಕೇಬಲ್ ಉರಿಯುತ್ತಿದ್ದರೂ ಪೈಪು ಕಟ್ಟುತ್ತದೆ. "ಕಿಟ್ ಕೆಲಸ ಮಾಡಲಿಲ್ಲ" ಎಂಬ ದೂರು ಬಂದಲ್ಲಿ ಮೊದಲು ನೋಡಬೇಕಾದದ್ದು ಫೋಮ್ ಇದೆಯೇ ಎಂಬುದನ್ನು.

ಕೂರಿಸುವಾಗ ಪೈಪನ್ನು ಒರೆಸಿ ಒಣಗಿಸಿ, ಕೇಬಲನ್ನು ಕೆಳಬದಿಗೆ ನೇರವಾಗಿ ಹಾಯಿಸಿ. ನೀರು ಹರಿಯುವುದೂ ಹೆಪ್ಪುಗಟ್ಟುವುದೂ ಪೈಪಿನ ತಳದಲ್ಲೇ. ಸುರುಳಿ ಸುತ್ತುವ ಅಗತ್ಯವಿಲ್ಲ. ಸುಮಾರು 30 ಸೆಂ.ಮೀ.ಗೊಂದು ಕಡೆ ಗಾಜುನಾರಿನ ಟೇಪಿನಿಂದ ಬಿಗಿದು, ಮೇಲೆ ಉದ್ದಕ್ಕೂ ಅಲ್ಯೂಮಿನಿಯಂ ಟೇಪ್ ಅಂಟಿಸಿ. ಪ್ಲಾಸ್ಟಿಕ್ ಶಾಖವನ್ನು ಸರಿಯಾಗಿ ಹರಡುವುದಿಲ್ಲ, ಅಲ್ಯೂಮಿನಿಯಂ ಆ ಕೊರತೆ ತುಂಬುತ್ತದೆ. ಸಾಮಾನ್ಯ ವಿನೈಲ್ ಇನ್ಸುಲೇಷನ್ ಟೇಪ್ ಬೇಡ. ಕೇಬಲ್ ಗೋಡೆಯ ತೂತಿನೊಳಗಿಂದ ಶುರುವಾಗಿ ಚರಂಡಿಯ ಬಾಯಿಯವರೆಗೂ ಹೋಗಬೇಕು. ಕೊನೆಯ ಒಂದು ಗೇಣು ಬಿಟ್ಟರೆ ಮಂಜುಗಡ್ಡೆ ಅಲ್ಲೇ ಬಿರಡೆ ಹಾಕುತ್ತದೆ. ಕತ್ತರಿಸಿದ ತುದಿಯ ವಿಷಯದಲ್ಲಿ ತುಂಬಾ ಎಚ್ಚರ ಬೇಕು. ಸರ್ಕ್ಯೂಟ್ ಪೂರ್ತಿಯಾಗಬೇಕೆಂದು ಎರಡು ತಂತಿಗಳನ್ನು ಹೊಸೆದು ಸೇರಿಸುವವರಿದ್ದಾರೆ, ಅದು ನೇರ ಶಾರ್ಟ್. ಆ ತುದಿಯಲ್ಲಿ ತಂತಿಗಳು ಒಂದನ್ನೊಂದು ಮುಟ್ಟಕೂಡದು, ಕಿಟ್‌ನಲ್ಲಿ ಬರುವ ಎಂಡ್ ಸೀಲ್ ಹಾಕಿ ನೀರು ನುಗ್ಗದಂತೆ ಮುಚ್ಚಬೇಕು.

ಫೋಮಿನ ಅಳತೆಯಲ್ಲಿ ಎಡವುವವರು ಬಹಳ. 32 ಮಿ.ಮೀ. ಪೈಪನ್ನು ಅಂಟಿಸಿ ಜೋಡಿಸುವ ಬಗೆಯಲ್ಲಿ ಹೊರವ್ಯಾಸ ಸುಮಾರು 36 ಮಿ.ಮೀ. ಕೇಬಲ್ ಸೇರಿದರೆ ಇನ್ನೂ ದಪ್ಪ. ಹಾಗಾಗಿ 42 ಮಿ.ಮೀ. ಒಳವ್ಯಾಸದ, 19 ಮಿ.ಮೀ. ದಪ್ಪದ ಫೋಮ್ ಕೇಳಿ. ಫೋಮಿನ ಉದ್ದಕ್ಕೂ ಇರುವ ಸೀಳು ಪೂರ್ತಿ ಮುಚ್ಚದೆ ಬಾಯಿ ಬಿಟ್ಟುಕೊಂಡಿದ್ದರೆ ಒಳಗೆ ಮಳೆನೀರು ಇಳಿಯುತ್ತದೆ, ನೆನೆದ ಹೊದಿಕೆ ಇದ್ದೂ ಇಲ್ಲದಂತೆ. ಬೂದುಬಣ್ಣದ ಪಾಲಿಎಥಿಲೀನ್ ಫೋಮ್ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಕಪ್ಪು ರಬ್ಬರ್ ಫೋಮ್ ಮೇಲು, ಆದರೆ ಅದಕ್ಕೂ ಬಿಸಿಲು ತಡೆಯುವ ಬಣ್ಣವೋ ಹೊರಕವಚವೋ ಬೇಕು. ಸೀಳನ್ನು ಕೆಳಮುಖವಾಗಿಟ್ಟು ಅಂಟಿಸಿ, ಒಳಗೆ ವಿದ್ಯುತ್ ಕೇಬಲ್ ಇದೆ ಎಂಬ ಚೀಟಿಯನ್ನು ಕಣ್ಣಿಗೆ ಬೀಳುವಂತೆ ಮೇಲೆ ಹಚ್ಚಿ.

ಥರ್ಮೋಸ್ಟಾಟ್ 3ರಿಂದ 5 ಡಿಗ್ರಿಯಲ್ಲಿ ಆನ್ ಆಗುವಂತಿರಲಿ. ಅದರ ಸೆನ್ಸರನ್ನು ಕೇಬಲ್‌ಗೆ ಎದುರುಬದಿಯಲ್ಲಿ, ಪೈಪಿನ ಅತಿ ತಣ್ಣನೆಯ ಜಾಗದಲ್ಲಿ, ಫೋಮಿನ ಒಳಗೆ ಕೂರಿಸಿ. ಕೇಬಲ್‌ಗೆ ತಾಗಿಕೊಂಡಿದ್ದರೆ ಪೈಪು ಇನ್ನೂ ತಣ್ಣಗಿರುವಾಗಲೇ ಆಫ್ ಆಗಿಬಿಡುತ್ತದೆ. ವಿದ್ಯುತ್ತನ್ನು 3 ಆಂಪಿಯರ್ ಫ್ಯೂಸ್ ಇರುವ ಪ್ರತ್ಯೇಕ ಸ್ಪರ್‌ನಿಂದ (ಕವಲು ಲೈನ್), 30 ಮಿಲಿಆಂಪಿಯರ್ ಆರ್‌ಸಿಡಿಯ (ಕರೆಂಟ್ ಸೋರಿದರೆ ಕಡಿದುಹಾಕುವ ಸ್ವಿಚ್) ರಕ್ಷಣೆಯಲ್ಲಿ ಕೊಡಬೇಕು. ಈ ವೈರಿಂಗ್ ಎಲೆಕ್ಟ್ರಿಷಿಯನ್ ಕೆಲಸ. ಬಾಯ್ಲರ್‌ನ ಕವಚ ಬಿಚ್ಚುವುದು ಗ್ಯಾಸ್ ಸೇಫ್ (ಬ್ರಿಟನ್ನಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿಯಿರುವ ಎಂಜಿನಿಯರ್ ಕೆಲಸ. ಕರೆಂಟ್ ಖರ್ಚಿಗೆ ಹೆದರಬೇಕಿಲ್ಲ. 3 ಮೀಟರ್ ಕೇಬಲ್ ದಿನವಿಡೀ 30 ವಾಟ್ ಎಳೆದರೂ 0.72 ಯೂನಿಟ್, ಯೂನಿಟ್ಟಿಗೆ 25 ಪೆನ್ಸ್ ಎಂದು ಹಿಡಿದರೆ ದಿನಕ್ಕೆ 18 ಪೆನ್ಸ್.

ಒಂದು ಅಂಕ ಕಳೆದದ್ದು ಏಕೆಂದರೆ, ಪೈಪನ್ನು ಮನೆಯೊಳಗೇ ಸಿಂಕ್ ವೇಸ್ಟಿಗೋ ಸಾಯಿಲ್ ಸ್ಟ್ಯಾಕ್‌ಗೋ (ಶೌಚಾಲಯದ ಮುಖ್ಯ ಕೊಳವೆ) ಸೇರಿಸಲು ದಾರಿಯಿದ್ದರೆ ಅದರ ಮುಂದೆ ಯಾವ ಕಿಟ್ಟೂ ನಿಲ್ಲುವುದಿಲ್ಲ. ಹೊರಗೆ ಹೋಗದ ಪೈಪು ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ. ದೂರವಿದ್ದರೆ ಕಂಡೆನ್ಸೇಟ್ ಪಂಪ್ ಹಾಕಿಸಬಹುದು, ಆದರೆ ಅದರ ಸಪೂರ ಕೊಳವೆಯೂ ಒಳಗೇ ಇರಬೇಕು. ಹೊರಗೆ ಹಾಯಿಸಿದರೆ ಅದು ದೊಡ್ಡ ಪೈಪಿಗಿಂತ ಬೇಗ ಕಟ್ಟುತ್ತದೆ.

ಕಿಟ್ ಬರುವ ಮುನ್ನವೇ ಪೈಪು ಕಟ್ಟಿಕೊಂಡರೆ? ವೂಸ್ಟರ್ ಬಾಯ್ಲರ್‌ಗಳಲ್ಲಿ ಇಎ, ವೈಲೆಂಟ್‌ನಲ್ಲಿ ಎಫ್28, ಐಡಿಯಲ್‌ನಲ್ಲಿ ಎಲ್2 ಎಂಬ ಸಂಕೇತ ಬರಬಹುದು. ಇವು ಉರಿ ಹತ್ತಲಿಲ್ಲ ಎಂದಷ್ಟೇ ಹೇಳುತ್ತವೆ, ಕಾರಣ ಬೇರೆಯೂ ಇರಬಹುದು. ಚಳಿಯ ಜೊತೆ ಗುಳುಗುಳು ಸದ್ದೂ ಇದ್ದರೆ ಪೈಪಿನ ಮೇಲೆ ಸಂಶಯಪಡಿ. ಉಗುರುಬೆಚ್ಚಗಿಂತ ತುಸು ಬಿಸಿಯಾದ ನೀರನ್ನು ಪೈಪಿನ ಹೊರಮೈಗೆ, ತುದಿ ಮತ್ತು ಬೆಂಡ್‌ಗಳ ಮೇಲೆ ಸುರಿಯಿರಿ, ಅಥವಾ ಬಿಸಿನೀರಿನ ಚೀಲ ಒತ್ತಿಹಿಡಿಯಿರಿ. ಕುದಿಯುವ ನೀರು ಬೇಡ, ಪೈಪು ಬಿರಿಯುತ್ತದೆ. ನೆಲದಲ್ಲಿ ನಿಂತು ಕೈಗೆಟುಕುವ ಪೈಪಿಗಷ್ಟೇ ಈ ಉಪಾಯ. ಮಂಜಿನಲ್ಲಿ ಏಣಿ ಹತ್ತಬೇಡಿ. ನೆಲದ ಮೇಲೆ ಚೆಲ್ಲಿದ ನೀರು ಮತ್ತೆ ಗಡ್ಡೆಯಾಗಿ ಕಾಲು ಜಾರಿಸುತ್ತದೆ, ಅದರ ಮೇಲೆ ಉಪ್ಪು ಎರಚಿ. ಆಮೇಲೆ ರೀಸೆಟ್ ಒತ್ತಿ.

ಕಿಟ್ ಹಾಕಿಸಿದವರು ಅಕ್ಟೋಬರ್‌ನಲ್ಲೊಮ್ಮೆ ಪರೀಕ್ಷೆ ಮಾಡಿ. ಸೆನ್ಸರ್ ಇರುವ ಕಡೆ ಫೋಮನ್ನು ತುಸು ಬಿಡಿಸಿ, ಮಂಜುಗಡ್ಡೆ ತುಂಬಿದ ಚೀಲವನ್ನು ಹತ್ತು ನಿಮಿಷ ಒತ್ತಿಹಿಡಿದರೆ ಥರ್ಮೋಸ್ಟಾಟ್ ದೀಪ ಹೊತ್ತಬೇಕು, ಸ್ವಲ್ಪ ಹೊತ್ತಿಗೆ ಕೇಬಲ್ ಕೈಗೆ ಬೆಚ್ಚಗೆ ತಾಗಬೇಕು. ದೀಪ ಹೊತ್ತಿಯೂ ಕೇಬಲ್ ತಣ್ಣಗಿದ್ದರೆ ಗೋಡೆಯ ಬಳಿಯ ಜೋಡಣೆಯಲ್ಲಿ ತಂತಿ ಬಿಟ್ಟಿರಬಹುದು. ಆರ್‌ಸಿಡಿ ಬಿದ್ದುಹೋದರೆ ಎಂಡ್ ಸೀಲ್‌ಗೆ ನೀರು ನುಗ್ಗಿರುವ ಸಂಭವ ಹೆಚ್ಚು, ಆ ತುದಿಯನ್ನು ಕತ್ತರಿಸಿ ಹೊಸ ಸೀಲ್ ಹಾಕಿಸಿ.