ಕಲ್ಪಿತ ಭವಿಷ್ಯಗಳ ಪ್ರದರ್ಶನ ಮತ್ತು ವಿದ್ಯಾರ್ಥಿ ಫೆಲೋಶಿಪ್: ಒಂದು ವಿಮರ್ಶೆ

ವಸ್ತುಸಂಗ್ರಹಾಲಯವೊಂದು ಕಲ್ಪಿತ ಭವಿಷ್ಯಗಳನ್ನು ಕುರಿತ ಕೃತಿಗಳ ಪ್ರದರ್ಶನಕ್ಕೆ ಸಿದ್ಧವಾಗುತ್ತಿದ್ದಾಗ ಕೆಲವು ವಿದ್ಯಾರ್ಥಿಗಳನ್ನು ಫೆಲೋಗಳಾಗಿ ಸೇರಿಸಿಕೊಂಡಿತು. ಸಂಗ್ರಹದ ಕೋಣೆಯಿಂದ ಹಿಡಿದು ಗೋಡೆಯ ಮೇಲಿನ ಬರಹದವರೆಗೆ ಎಲ್ಲ ಹಂತಗಳಲ್ಲೂ ಕೆಲಸ ಕೊಟ್ಟ ಆ ಫೆಲೋಶಿಪ್ಪನ್ನು ನಾನು ಇತ್ತೀಚೆಗೆ ಮುಗಿಸಿದ್ದೇನೆ. ಇಂಥ ಅವಕಾಶಕ್ಕೆ ಅರ್ಜಿ ಹಾಕಬೇಕೆಂದಿರುವವರು ಸಾಮಾನ್ಯವಾಗಿ ಕೇಳುವುದು ಸ್ಟೈಪೆಂಡ್ ಎಷ್ಟು, ಪ್ರಮಾಣಪತ್ರ ಸಿಗುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು. ಎರಡೂ ಮುಖ್ಯವಾದವೇ. ಆದರೆ ಫೆಲೋಶಿಪ್ಪಿನ ಬೆಲೆಯನ್ನು ನಿಜವಾಗಿ ನಿರ್ಧರಿಸುವುದು ಪ್ರದರ್ಶನದ ಯಾವ ತೀರ್ಮಾನಗಳನ್ನು ವಿದ್ಯಾರ್ಥಿಗಳ ಕೈಗೆ ಬಿಡುತ್ತಾರೆ ಎಂಬ ಸಂಗತಿ. ಆ ಅಳತೆಯಿಂದ ನೋಡಿದರೆ ಈ ಕಾರ್ಯಕ್ರಮ ಬಹುಮಟ್ಟಿಗೆ ಯಶಸ್ವಿಯಾಗಿದೆ. ಎಡವಿದ ಕಡೆಗಳಲ್ಲಿ ಸಣ್ಣದಾಗಿ ಎಡವಿಲ್ಲ.

ಕಲ್ಪಿತ ಭವಿಷ್ಯವೆಂದರೆ ಬಾಹ್ಯಾಕಾಶ ನೌಕೆ ಮತ್ತು ಯಂತ್ರಮಾನವ, ಅಷ್ಟೇ ಎಂದುಕೊಂಡು ಬರುವವರೇ ಹೆಚ್ಚು. ಮೊದಲ ಹಂತದ ಓದು ಈ ಭಾವನೆಯನ್ನು ತಿದ್ದಿತು. ಸ್ವಿಟ್ಜರ್ಲೆಂಡಿನ ಇವರ್ಡನ್ ಪಟ್ಟಣದಲ್ಲಿ ವೈಜ್ಞಾನಿಕ ಕಥೆಗಳಿಗೆ, ಆದರ್ಶಲೋಕಗಳಿಗೆ ಮತ್ತು ಅಸಾಧಾರಣ ಪ್ರಯಾಣಗಳಿಗೆಂದೇ ಮೀಸಲಾದ ಸಂಗ್ರಹಾಲಯವೊಂದು 1976ರಲ್ಲಿಯೇ ಹುಟ್ಟಿತು. ಲಂಡನ್ನಿನ ಬಾರ್ಬಿಕನ್ ಕಲಾಕೇಂದ್ರ 2017ರಲ್ಲಿ, ಅಲ್ಲಿಯದೇ ಸೈನ್ಸ್ ಮ್ಯೂಸಿಯಂ 2022ರಲ್ಲಿ ಈ ಬಗೆಯ ದೊಡ್ಡ ಪ್ರದರ್ಶನಗಳನ್ನು ಏರ್ಪಡಿಸಿದವು. ಇವೆಲ್ಲಕ್ಕಿಂತ ನಮ್ಮ ಚರ್ಚೆಯನ್ನು ಹೆಚ್ಚು ಬೆಳೆಸಿದ್ದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಕಲಾ ಸಂಗ್ರಹಾಲಯ 2021ರ ನವೆಂಬರಿನಲ್ಲಿ ತೆರೆದ ಒಂದು ಕೋಣೆ. ಅದೇ ನಗರದಲ್ಲಿ, 19ನೇ ಶತಮಾನದ ಮ್ಯಾನ್‌ಹಟನ್ನಿನಲ್ಲಿ ಕಪ್ಪು ಜನರು ಸ್ವಂತ ಜಮೀನು ಕೊಂಡು ನೆಲೆಸಿದ್ದ ಸೆನೆಕಾ ವಿಲೇಜ್ ಎಂಬ ಊರನ್ನು ಸೆಂಟ್ರಲ್ ಪಾರ್ಕ್ ಎಂಬ ಉದ್ಯಾನಕ್ಕಾಗಿ 1857ರ ಹೊತ್ತಿಗೆ ತೆರವುಗೊಳಿಸಲಾಗಿತ್ತು. ಆ ಊರು ಅಳಿಯದೆ ಬೆಳೆಯುತ್ತ ಬಂದಿದ್ದರೆ ಅಲ್ಲಿಯ ಒಂದು ಮನೆ ಹೇಗಿರುತ್ತಿತ್ತು ಎಂಬುದನ್ನು ಈ ಕೋಣೆ ಕಟ್ಟಿ ತೋರಿಸುತ್ತದೆ. ಹಳೆಯ ಕಾಲದ ಶ್ರೀಮಂತರ ಕೋಣೆಗಳನ್ನು ಮರುಜೋಡಿಸಿ ಇಡುವ ಸಂಪ್ರದಾಯ ದೊಡ್ಡ ಸಂಗ್ರಹಾಲಯಗಳಲ್ಲಿ ಬಹಳ ಹಿಂದಿನಿಂದಲೂ ಇದೆ. ಅದೇ ಸಂಪ್ರದಾಯವನ್ನು ಬಳಸಿಕೊಂಡು, ಇರಲು ಬಿಡದ ಬದುಕೊಂದಕ್ಕೆ ಜಾಗ ಕೊಟ್ಟದ್ದು ಅದರ ಹೆಚ್ಚುಗಾರಿಕೆ. ಕಲ್ಪನೆಯ ಕೃತಿಗಳು ನಡೆದುಹೋದ ಅನ್ಯಾಯದ ಬಗ್ಗೆಯೂ ಮಾತಾಡಬಲ್ಲವು ಎಂಬುದು ಇಲ್ಲಿ ನಮಗೆಲ್ಲ ಸ್ಪಷ್ಟವಾಯಿತು. ಬರಿಯ ಸಿದ್ಧಾಂತದ ಲೇಖನಗಳನ್ನು ಹಂಚದೆ ಈ ರೀತಿ ನಿಜವಾದ ಪ್ರದರ್ಶನಗಳನ್ನು ಮುಂದಿಟ್ಟುಕೊಂಡು ಕಲಿಸಿದ ಮಾರ್ಗದರ್ಶಕರಿಗೆ ಕೃತಜ್ಞತೆ ಸಲ್ಲಬೇಕು.

ಓದು ಮುಗಿದ ಮೇಲೆ ನಮ್ಮನ್ನು ಸಂಗ್ರಹದ ಕೋಣೆಗೆ ಕರೆದೊಯ್ದರು. ಈ ಫೆಲೋಶಿಪ್ಪಿನ ಅತ್ಯುತ್ತಮ ಭಾಗ ಇದೇ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಪೆನ್ನು ಒಳಗೆ ತರುವಂತಿಲ್ಲ, ಬರೆಯುವುದೆಲ್ಲ ಪೆನ್ಸಿಲಿನಲ್ಲೇ. ವಸ್ತುವನ್ನು ಎತ್ತುವ ಮೊದಲು ಅದನ್ನು ಎಲ್ಲಿ ಇಳಿಸಬೇಕೆಂಬ ಜಾಗ ಸಿದ್ಧವಾಗಿರಬೇಕು. ಯಾವ ವಸ್ತುವನ್ನೂ ಅದರ ಹಿಡಿಯಿಂದಾಗಲಿ ಅಂಚಿನಿಂದಾಗಲಿ ಹಿಡಿದೆತ್ತಬಾರದು. ಪ್ರತಿಯೊಂದು ವಸ್ತುವಿಗೂ ಸ್ಥಿತಿವರದಿ ಬರೆಯಬೇಕಾಗಿತ್ತು. ವಸ್ತುವಿನ ಒಂದು ಪಕ್ಕದಿಂದ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟಾಗ, ನೇರ ಬೆಳಕಿನಲ್ಲಿ ಕಾಣದ ಬಿರುಕು, ಉಬ್ಬು, ಹಳೆಯ ರಿಪೇರಿಯ ಗುರುತು ಎಲ್ಲವೂ ಎದ್ದು ಕಾಣುತ್ತವೆ. ಅವನ್ನು ಫೋಟೋದ ಮೇಲೆ ಗುರುತಿಸಿ, ಎಷ್ಟು ಮಿಲಿಮೀಟರ್ ಎಂದು ಅಳೆದು, ವಿಶೇಷಣಗಳಿಲ್ಲದ ಭಾಷೆಯಲ್ಲಿ ಬರೆಯಬೇಕು. ಸ್ವಲ್ಪ ಹಾಳಾಗಿದೆ ಎಂದು ಬರೆದರೆ ವರದಿ ವಾಪಸ್ ಬರುತ್ತಿತ್ತು. ಎಲ್ಲಿ, ಎಷ್ಟು ಉದ್ದ, ಬಣ್ಣ ಉದುರುತ್ತಿದೆಯೇ ಅಥವಾ ಹಾಗೇ ನಿಂತಿದೆಯೇ ಎಂಬುದನ್ನು ಹೇಳಲೇಬೇಕು. ಕಣ್ಣಿಗೆ ಇಷ್ಟು ಶಿಸ್ತು ಕಲಿಸುವ ತರಗತಿ ನನ್ನ ಕಾಲೇಜಿನಲ್ಲಿ ಇರಲಿಲ್ಲ.

ಭವಿಷ್ಯವನ್ನು ಚಿತ್ರಿಸುವ ವಸ್ತುಗಳು ಬಹಳ ಬೇಗ ಮುಪ್ಪಾಗುತ್ತವೆ ಎಂಬುದು ಅಲ್ಲಿ ಕೈಯಾರೆ ತಿಳಿದ ಸಂಗತಿ. 20ನೇ ಶತಮಾನದ ಮೊದಲರ್ಧದ ಅಗ್ಗದ ಕಥಾಪತ್ರಿಕೆಗಳು ಮರದ ತಿರುಳಿನ ಕಾಗದದಲ್ಲಿ ಅಚ್ಚಾದವು. ಆ ಕಾಗದದಲ್ಲಿ ಉಳಿದ, ಮರದಲ್ಲಿರುವ ಲಿಗ್ನಿನ್ ಎಂಬ ಪದಾರ್ಥ ಅದನ್ನು ಹಳದಿಯಾಗಿಸುತ್ತದೆ, ಕಾಗದದೊಳಗಿನ ಆಮ್ಲ ಅದನ್ನು ಪೆಡಸಾಗಿಸುತ್ತದೆ. ಪುಟ ಮಗುಚಿದರೆ ಮೂಲೆ ಮುರಿದು ಕೈಗೆ ಬರುತ್ತದೆ. ಪ್ಲಾಸ್ಟಿಕ್ಕಿನ ಪಾಡು ಇನ್ನೂ ಕಷ್ಟ. ಕೆಲವು ದಶಕಗಳ ಹಿಂದೆ ತಯಾರಾದ ಬಾಹ್ಯಾಕಾಶ ಯಾತ್ರಿಯ ಶಿರಸ್ತ್ರಾಣವೊಂದರ ಸ್ಥಿತಿವರದಿ ನನ್ನ ಪಾಲಿಗೆ ಬಂದಿತ್ತು. ಹೊರಗಿನ ಕವಚ ಗಟ್ಟಿಯಾಗಿಯೇ ಇತ್ತು. ಒಳಗಿನ ಪಾಲಿಯುರೆಥೇನ್ ಫೋಮ್ ಮಾತ್ರ ಕಂದುಬಣ್ಣಕ್ಕೆ ತಿರುಗಿ ಪುಡಿಪುಡಿಯಾಗಿ, ಕೆಳಗೆ ಹಾಸಿದ್ದ ಆಮ್ಲರಹಿತ ಕಾಗದದ ಮೇಲೆ ಉದುರಿತ್ತು. ಪಕ್ಕದ ಮೇಜಿನಲ್ಲಿ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್ ತುಂಬಿದ್ದ ಡಬ್ಬಿಯ ಮುಚ್ಚಳ ತೆಗೆದಾಗ ವಿನೆಗರ್ ವಾಸನೆ ಮೂಗಿಗೆ ಬಡಿಯಿತು. ಫಿಲ್ಮ್ ಕೊಳೆಯುವಾಗ ಹೊಮ್ಮುವ ಅಸಿಟಿಕ್ ಆಮ್ಲದ ವಾಸನೆ ಅದು, ಜೊತೆಯಲ್ಲಿಟ್ಟ ಬೇರೆ ಫಿಲ್ಮುಗಳನ್ನೂ ಅದು ಕೆಡಿಸುತ್ತದೆ ಎಂದು ಸಂರಕ್ಷಕಿ ವಿವರಿಸಿ, ಡಬ್ಬಿಯೊಳಗೆ ನೀಲಿ ಬಣ್ಣದ ಪರೀಕ್ಷಾಪಟ್ಟಿಯೊಂದನ್ನು ಇರಿಸಿದರು. ಆಮ್ಲ ಹೆಚ್ಚಿದಷ್ಟೂ ಆ ಪಟ್ಟಿ ಹಸಿರಾಗಿ, ಆಮೇಲೆ ಹಳದಿಯಾಗುತ್ತದೆ.

ಶಿರಸ್ತ್ರಾಣದ ವಿಷಯದಲ್ಲಿ ನಮಗೆ ಮೊದಲ ನಿಜವಾದ ತೀರ್ಮಾನ ಸಿಕ್ಕಿತು. ಒಳಭಾಗ ಕಾಣದಂತೆ ಅದನ್ನು ಮುಂದಕ್ಕೆ ತಿರುಗಿಸಿ ಇಡಬೇಕೆಂಬುದು ಪ್ರದರ್ಶನ ವಿನ್ಯಾಸಕರ ಯೋಜನೆಯಾಗಿತ್ತು. ಒಳಭಾಗವನ್ನೂ ತೋರಿಸಬೇಕು, ಮುಂದಿನ ಶತಮಾನಗಳನ್ನು ಕಲ್ಪಿಸಿದವರು ಅವನ್ನು ಎಷ್ಟು ಅಲ್ಪಾಯುಷಿ ವಸ್ತುಗಳಲ್ಲಿ ಕಟ್ಟಬೇಕಾಯಿತು ಎಂಬುದೂ ಪ್ರದರ್ಶನದ ವಿಷಯವೇ ಎಂದು ಫೆಲೋಗಳು ವಾದಿಸಿದೆವು. ಪ್ರದರ್ಶನದ ಹೊಣೆ ಹೊತ್ತ ಕ್ಯುರೇಟರ್ ಮೊದಲು ಒಪ್ಪಲಿಲ್ಲ. ಪುಡಿಯಾದ ಫೋಮ್ ನೋಡುಗರಿಗೆ ನಿರ್ಲಕ್ಷ್ಯದಂತೆ ಕಾಣುತ್ತದೆ ಎಂಬುದು ಅವರ ಆತಂಕ. ಆತಂಕ ನ್ಯಾಯವಾದದ್ದೇ ಆಗಿತ್ತು. ಕೊನೆಗೆ ಶಿರಸ್ತ್ರಾಣವನ್ನು ಓರೆಯಾಗಿಟ್ಟು, ಫೋಮ್ ಏಕೆ ಕುಸಿಯುತ್ತದೆಂಬುದನ್ನು ಲೇಬಲ್ಲಿನಲ್ಲಿ ಹೇಳುವುದೆಂದು ತೀರ್ಮಾನವಾಯಿತು. ವಿದ್ಯಾರ್ಥಿಗಳ ವಾದವನ್ನು ಕೇಳಿಸಿಕೊಂಡು, ಅದರ ದೋಷವನ್ನೂ ತೋರಿಸಿ, ಆಮೇಲೆ ಅದಕ್ಕೆ ಜಾಗ ಮಾಡಿಕೊಟ್ಟ ಈ ನಡವಳಿಕೆಗಾಗಿ ನಾನು ಈ ಕಾರ್ಯಕ್ರಮಕ್ಕೆ ಹೆಚ್ಚಿನ ಅಂಕ ಕೊಡುತ್ತೇನೆ.

ಬೆಳಕಿನ ಲೆಕ್ಕವನ್ನೂ ನಮಗೇ ಒಪ್ಪಿಸಿದ್ದರು. ಕಾಗದದ ಮೇಲಿನ ಕೃತಿಗಳಿಗೆ ಸುಮಾರು 50 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಮೀರಬಾರದೆಂಬುದು ಸಂಗ್ರಹಾಲಯಗಳಲ್ಲಿ ರೂಢಿಯಲ್ಲಿರುವ ಮಿತಿ, ತೈಲಚಿತ್ರಗಳಿಗಾದರೆ 200 ಲಕ್ಸ್‌ವರೆಗೆ ಹೋಗಬಹುದು. ಬೆಳಕಿನ ಹಾನಿ ಕೂಡುತ್ತಾ ಹೋಗುವಂಥದ್ದು, ಮತ್ತೆ ಸರಿಯಾಗುವಂಥದ್ದಲ್ಲ. ಹಾಗಾಗಿ ಪ್ರದರ್ಶನದ ಅರ್ಧ ಅವಧಿಗೆ ಕಥಾಪತ್ರಿಕೆಯ ಒಂದು ಮುಖಪುಟ, ಉಳಿದರ್ಧಕ್ಕೆ ಇನ್ನೊಂದು ಎಂದು ಬದಲಾವಣೆಯ ಪಟ್ಟಿಯನ್ನು ನಾವೇ ತಯಾರಿಸಿದೆವು.

ಲೇಬಲ್ ಬರೆಯುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕಲ್ಪಿತ ಕೃತಿಗಳ ಪ್ರದರ್ಶನದಲ್ಲಿ ಅತ್ಯಂತ ಸೂಕ್ಷ್ಮವಾದ ಕೆಲಸ ಅದೇ. ಸಾಮಾನ್ಯ ಲೇಬಲ್ಲಿನಲ್ಲಿ ಕಲಾವಿದರ ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ, ಕೃತಿ ಯಾರ ಸಂಗ್ರಹದ್ದು ಎಂಬ ವಿವರಗಳಿದ್ದು, ಅವುಗಳ ಕೆಳಗೆ ನಾಲ್ಕೈದು ವಾಕ್ಯಗಳಿರುತ್ತವೆ. ನಮಗೆ ಕೊಟ್ಟ ಮಿತಿ 60 ಪದ. ಕಲ್ಪಿತ ಕೃತಿಗೆ ಎರಡು ಕಾಲಗಳಿರುತ್ತವೆ: ಅದು ತಯಾರಾದ ಕಾಲ ಒಂದು, ಅದು ತೋರಿಸುವ ಕಾಲ ಇನ್ನೊಂದು. ವರ್ಷದ ಜಾಗದಲ್ಲಿ ತಯಾರಾದ ವರ್ಷವನ್ನೇ ಹಾಕಬೇಕೆಂಬುದು ನಿಯಮ. ಹಾಗೆ ಹಾಕಿದ ಮೇಲೂ ನೋಡುಗರು ಗೊಂದಲಕ್ಕೆ ಬೀಳುತ್ತಾರೆ ಎಂಬುದು ಪರೀಕ್ಷೆಯಲ್ಲಿ ತಿಳಿಯಿತು. ಮುಂದೊಂದು ಕಾಲದ ಕುಡಿಯುವ ನೀರಿನ ಪಡಿತರ ಚೀಟಿಯನ್ನು ಕಲ್ಪಿಸಿದ ಕೃತಿಯೊಂದಕ್ಕೆ ನಾನು ಬರೆದ ಕರಡು, ಚೀಟಿಯನ್ನು ಒಂದು ಕುಟುಂಬ ಎಷ್ಟು ಸಲ ಬಳಸಿತೆಂಬ ವಾಕ್ಯದಿಂದ ಶುರುವಾಗುತ್ತಿತ್ತು. ಸಾಮಾನ್ಯ ಹಾಳೆಯಲ್ಲಿ ಅಚ್ಚುಹಾಕಿಸಿ ಗೋಡೆಗೆ ಅಂಟಿಸಿ, ದಾರಿಯಲ್ಲಿ ಹಾದುಹೋಗುವವರಿಂದ ಓದಿಸಿದಾಗ, ಈ ಚೀಟಿ ಯಾವ ದೇಶದಲ್ಲಿ ಚಾಲ್ತಿಯಲ್ಲಿದೆ ಎಂದು ಒಬ್ಬ ಹಿರಿಯರು ಕಳವಳದಿಂದ ಕೇಳಿದರು. ಇದು ಬರೀ ಕಲ್ಪನೆ ಎಂದು ದಪ್ಪಕ್ಷರದಲ್ಲಿ ಬರೆದರೆ ಕೃತಿಯ ಜೀವವೇ ಹೋಗುತ್ತದೆ. ಬರೆಯದಿದ್ದರೆ ಸಂಗ್ರಹಾಲಯದ ಮೇಲೆ ಜನರಿಗಿರುವ ನಂಬಿಕೆಗೆ ಧಕ್ಕೆಯಾಗುತ್ತದೆ. ಬಹಳ ಚರ್ಚೆಯ ನಂತರ ಲೇಬಲ್ ಹೀಗೆ ಶುರುವಾಯಿತು: ಇಂಥ ಚೀಟಿ ಇನ್ನೂ ಎಲ್ಲಿಯೂ ಅಚ್ಚಾಗಿಲ್ಲ, ಇದರ ಮೇಲಿರುವ ಮಡಿಕೆಗಳನ್ನೂ ಎಣ್ಣೆಕಲೆಗಳನ್ನೂ ಕಲಾವಿದೆ ಒಂದೊಂದಾಗಿ ಮೂಡಿಸಿದ್ದಾರೆ. ಈ ವಾಕ್ಯ ಓದಿದವರು ಚೀಟಿಯ ಹತ್ತಿರಕ್ಕೆ ಬಾಗಿ ಆ ಕಲೆಗಳನ್ನು ಹುಡುಕುತ್ತಿದ್ದರು. ಯಾರೂ ದೇಶದ ಹೆಸರು ಕೇಳಲಿಲ್ಲ.

ಇನ್ನು ಕೊರತೆಗಳು. ಸ್ಟೈಪೆಂಡಿನ ಮೊದಲ ಕಂತು ತಡವಾಗಿ ಬಂತು. ಕೇಳಿದಾಗಲೆಲ್ಲ ಕಡತ ಇನ್ನೊಂದು ವಿಭಾಗದಲ್ಲಿದೆ ಎಂಬ ಉತ್ತರ ಸಿಗುತ್ತಿತ್ತು. ಮನೆಯಿಂದ ಹಣ ತರಿಸಿಕೊಳ್ಳಬಲ್ಲವರಿಗೆ ಇದು ಸಣ್ಣ ಕಿರಿಕಿರಿ. ಅದೇ ಸ್ಟೈಪೆಂಡಿನಿಂದ ಬಾಡಿಗೆ ಕಟ್ಟಬೇಕಾದವರಿಗೆ ಅದು ಫೆಲೋಶಿಪ್ ಬಿಡಬೇಕಾದ ಸ್ಥಿತಿಯನ್ನೇ ತರಬಲ್ಲದು. ಉತ್ತರ ಅಮೆರಿಕದ ಕಲಾ ಸಂಗ್ರಹಾಲಯಗಳ ನಿರ್ದೇಶಕರ ಸಂಘ ಇಂಟರ್ನ್‌ಗಳಿಗೆ ಸಂಬಳ ಕೊಡಬೇಕೆಂದು 2019ರಲ್ಲಿ ನಿರ್ಣಯ ಅಂಗೀಕರಿಸಿತು. ಸಂಬಳವಿಲ್ಲದ ಕೆಲಸಕ್ಕೆ ಅನುಕೂಲಸ್ಥರ ಮಕ್ಕಳು ಮಾತ್ರ ಬರಬಲ್ಲರು ಎಂಬ ಟೀಕೆ ಅದಕ್ಕೂ ಮೊದಲೇ ಈ ಕ್ಷೇತ್ರದಲ್ಲಿ ಬಲವಾಗಿತ್ತು. ಹಣವನ್ನು ಮಂಜೂರು ಮಾಡಿಯೂ ಸಮಯಕ್ಕೆ ಕೊಡದಿದ್ದರೆ ಫಲ ಬಹುತೇಕ ಅದೇ ಆಗುತ್ತದೆ. ಭವಿಷ್ಯವನ್ನು ಯಾರು ಕಲ್ಪಿಸಿಕೊಳ್ಳಬಹುದು ಎಂದು ಕೇಳುವ ಪ್ರದರ್ಶನ ಅದನ್ನು ಕಟ್ಟುವವರ ವಿಷಯದಲ್ಲೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಎರಡನೆಯ ಕೊರತೆ ಕಾಲದ ಹೊಂದಾಣಿಕೆಯದು. ಫೆಲೋಶಿಪ್ ಕಾಲೇಜಿನ ಸೆಮಿಸ್ಟರಿನ ಲೆಕ್ಕದಲ್ಲಿ ಮುಗಿಯುತ್ತದೆ, ಪ್ರದರ್ಶನ ತನ್ನದೇ ಲೆಕ್ಕದಲ್ಲಿ ತೆರೆಯುತ್ತದೆ. ಎರವಲು ಕೃತಿಗಳು ಬಂದು ಇಳಿಯುವುದು, ಗೋಡೆಗೆ ಏರುವುದು, ದೀಪಗಳನ್ನು ಹೊಂದಿಸುವುದು ಎಲ್ಲ ಕೊನೆಯ ಕೆಲವು ವಾರಗಳಲ್ಲಿ ನಡೆಯುವ ಕೆಲಸ. ಆ ಹೊತ್ತಿಗೆ ನಮ್ಮ ಅವಧಿ ಮುಗಿದಿತ್ತು. ಕಾಗದದ ಮೇಲೆ ಯೋಜಿಸಿದ್ದು ಗೋಡೆಯ ಮೇಲೆ ಎಲ್ಲಿ ಸೋಲುತ್ತದೆ ಎಂಬುದನ್ನು ಕಲಿಯುವ ಹಂತವೇ ಕೈತಪ್ಪಿತೆಂಬ ಬೇಸರ ನನಗೆ ಇಂದಿಗೂ ಇದೆ. ಫೆಲೋಶಿಪ್ಪನ್ನು ಒಂದು ತಿಂಗಳು ತಡವಾಗಿ ಶುರುಮಾಡಿ ಉದ್ಘಾಟನೆಯವರೆಗೂ ಚಾಚಿದ್ದರೆ ಇದು ಸರಿಹೋಗುತ್ತಿತ್ತು. ಚಿತ್ರಗಳ ಹಕ್ಕುಸ್ವಾಮ್ಯದ ಅನುಮತಿಗೆ ಪತ್ರ ಬರೆಯುವ ಕೆಲಸ ನೀರಸವಾಗಿತ್ತು, ಆದರೆ ಅನುಮತಿ ಬಾರದ ಒಂದು ಚಿತ್ರದಿಂದಾಗಿ ಇಡೀ ಗೋಡೆಯ ವಿನ್ಯಾಸ ಬದಲಾದದ್ದನ್ನು ನೋಡಿದ ಮೇಲೆ ಅದನ್ನು ನಾನು ಕೊರತೆಗಳ ಪಟ್ಟಿಗೆ ಸೇರಿಸುವುದಿಲ್ಲ. ಪ್ರದರ್ಶನ ತಂಡದ ಫಲಕದಲ್ಲಿ ಫೆಲೋಗಳನ್ನು ಒಟ್ಟಾಗಿ ವಿದ್ಯಾರ್ಥಿಗಳೆಂದು ನಮೂದಿಸಿ ಮುಗಿಸದೆ, ಪ್ರತಿಯೊಬ್ಬರ ಹೆಸರನ್ನೂ ಹಾಕಿದ್ದರು. ಇದನ್ನು ಎಲ್ಲ ಕಡೆಯೂ ಮಾಡುವುದಿಲ್ಲ.

ಕಲಾ ಇತಿಹಾಸದವರಷ್ಟೇ ಅಲ್ಲದೆ ಸಾಹಿತ್ಯ, ರಸಾಯನಶಾಸ್ತ್ರ, ವಿನ್ಯಾಸ, ಗ್ರಂಥಾಲಯ ವಿಜ್ಞಾನ ಓದುತ್ತಿರುವವರಿಗೂ ಈ ಕೆಲಸ ಹೊಂದುತ್ತದೆ. ಸ್ವಂತ ಕಥೆಯನ್ನೋ ಚಿತ್ರವನ್ನೋ ಪ್ರದರ್ಶಿಸುವ ಆಸೆಯಿಂದ ಬರುವವರಿಗೆ ಮಾತ್ರ ಇದು ತಕ್ಕ ಜಾಗವಲ್ಲ, ಇಲ್ಲಿ ದುಡಿಮೆಯೆಲ್ಲ ಇನ್ನೊಬ್ಬರ ಕಲ್ಪನೆಗಾಗಿ. ಅರ್ಜಿ ಹಾಕುವವರು ಸಂದರ್ಶನದಲ್ಲಿ ಮೂರು ವಿಷಯಗಳನ್ನು ಸ್ಪಷ್ಟವಾಗಿ ಕೇಳಿಕೊಳ್ಳಲಿ: ಸ್ಟೈಪೆಂಡ್ ಯಾವ ದಿನಾಂಕದಂದು ಕೈಸೇರುತ್ತದೆ, ಅವಧಿ ಉದ್ಘಾಟನೆಗೆ ಮೊದಲೇ ಮುಗಿಯುತ್ತದೆಯೇ, ಫೆಲೋಗಳು ಬರೆದ ಲೇಬಲ್ ಗೋಡೆಗೆ ಹೋಗುತ್ತದೆಯೇ ಅಥವಾ ಅಭ್ಯಾಸಕ್ಕಷ್ಟೇ ಉಳಿಯುತ್ತದೆಯೇ. ಮಾದರಿ ಬರಹ ಕೇಳಿದರೆ ಉದ್ದದ ಪ್ರಬಂಧ ಕಳುಹಿಸುವುದಕ್ಕಿಂತ, ಯಾವುದಾದರೂ ಒಂದೇ ವಸ್ತುವನ್ನು ಗಮನವಿಟ್ಟು ನೋಡಿ 60 ಪದಗಳ ಲೇಬಲ್ ಬರೆದು, ಅದರ ಜೊತೆಗೆ ಮೊದಲ ಕರಡನ್ನೂ ಸೇರಿಸಿ ಕಳುಹಿಸುವುದು ಒಳ್ಳೆಯದು.